ಎರಡೂ ಮಗ್ಗಲು ಒಂದೇ

ಹರಿದ ಕಿವಿ ಮತ್ತೆ ಬೆಳೆಯುವುದಿಲ್ಲ. ಮನುಷ್ಯರದಾಗಲಿ, ಬೆಕ್ಕಿನದಾಗಲಿ. ಇಷ್ಟು ತಿಳಿಯಲು ನಿಂಬೆವ್ವನಿಗೆ ಯಾವ ಶಾಲೆಯೂ ಬೇಕಿರಲಿಲ್ಲ. ಧಾರವಾಡದ ಹೊಸಯಲ್ಲಾಪುರದ ಓಣಿಯಲ್ಲಿ ಕರೆವ್ವ ಎಂಬ ಕರಿ ಬೆಕ್ಕಿನ ಬಲಗಿವಿಯನ್ನು ನಾಯಿಯೊಂದು ಹರಿದು ಮೂರು ವರ್ಷವಾಗಿತ್ತು. ಅರಿಶಿನ ಮೆತ್ತಿದವಳು ಅವಳೇ. ಹಾಗಿರುವಾಗ ಆ ಮಂಗಳವಾರ ಮಧ್ಯಾಹ್ನ ಕಟ್ಟೆಯ ಮೇಲೆ ಎದುರಿಗೆ ಬಂದು ಕೂತ ಬೆಕ್ಕಿಗೆ ಎರಡೂ ಕಿವಿಗಳು ನೆಟ್ಟಗೆ ನಿಂತಿದ್ದವು.

“ರೀ, ಕರೆವ್ವನ ಕಿವಿ ನೋಡ್ರಿ. ಬೆಳದೈತಿ!”

ಗಂಡ ಅಡಿವೆಪ್ಪ ಪೇಪರಿನಿಂದ ತಲೆ ಎತ್ತಿದ. ಮೂವತ್ತೆರಡು ವರ್ಷ ಬಸ್ ಕಂಡಕ್ಟರಿಕೆ ಮಾಡಿದ ಮನುಷ್ಯ. ನಿವೃತ್ತಿಯಾದ ಮೇಲೂ ಬಾಯಿಗೆ ಬ್ರೇಕು ಇರಲಿಲ್ಲ.

“ಎಲ್ಲಿ ಬೆಳದೈತಿ? ಹರದಿದ್ದು ಹರದಂಗ ಐತಿ. ಹೊಸ ಕಣ್ಣು ಬಂದ ಮ್ಯಾಲ ನಿನಗ ಎಲ್ಲಾ ಚಿಗುರಿದಂಗ ಕಾಣಾಕತ್ತೈತಿ. ನನ್ನ ತಲಿ ನೋಡು, ಕೂದಲಾ ಬಂದಾವೇನು?”

ನಿಂಬೆವ್ವ ನಕ್ಕಳು. ಇವರಿಬ್ಬರ ಮಾತು ಬೇಸರವಾಯಿತೋ ಏನೋ, ಬೆಕ್ಕು ಎದ್ದು ಬೆನ್ನು ತಿರುಗಿಸಿ ಕೂತಿತು. ಈಗ ಅದರ ಎರಡೂ ಕಿವಿ ಹರಿದಿದ್ದವು. ಎರಡೂ, ಒಂದೇ ಜಾಗದಲ್ಲಿ, ಒಂದೇ ಅಳತೆಗೆ.

ಈ ಕಣ್ಣಿನ ಕತೆ ಸ್ವಲ್ಪ ಹೇಳಬೇಕು. ನಿಂಬೆವ್ವನ ಎಡಗಣ್ಣು ಹೋಗಿ ಹತ್ತು ವರ್ಷ. ಕಣ್ಣೊಳಗೆ ಮಸಿ ಚುಕ್ಕಿಗಳು ಹಾರಾಡಿದಾಗ ಧೂಳು ಬಿದ್ದಿದೆ ಎಂದುಕೊಂಡು ಹದಿನೈದು ದಿನ ಕಳೆದಳು. ಹಿಂದಿನ ಪರದೆ, ಡಾಕ್ಟರು ರೆಟಿನಾ ಅನ್ನುತ್ತಾರಲ್ಲ ಅದು, ಗೋಡೆಯ ಸುಣ್ಣದಂತೆ ಕಳಚಿ ಬಿದ್ದಿತ್ತು. ಮರುವರ್ಷ ಬಲಗಣ್ಣಿಗೂ ಅದೇ ಬಂದಾಗ ಆ ದಿನವೇ ಹುಬ್ಬಳ್ಳಿಗೆ ಓಡಿದರು. ಕಣ್ಣೊಳಗಿನ ಲೋಳೆಯನ್ನೆಲ್ಲ ತೆಗೆದು, ಗಾಳಿ ತುಂಬಿ, ಪರದೆ ಅಂಟಿಸಿದರು. ಹತ್ತು ದಿನ ಬೋರಲು ಮಲಗಿ ಕಣ್ಣು ಉಳಿಸಿಕೊಂಡಳು. ಪರದೆಯ ಮೇಲೆ ಒಂದು ಗಾಯದ ಕಲೆ ಮಾತ್ರ ಉಳಿಯಿತು. ನೋಟದ ನಡುವಿನಿಂದ ಸ್ವಲ್ಪ ಎಡಕ್ಕೆ ಸದಾ ಒಂದು ಬೂದಿ ಬಣ್ಣದ ಮಬ್ಬು.

ಅಂಥ ಆಪರೇಷನ್ ಆದ ಕಣ್ಣಿಗೆ ಬೇಗ ಪೊರೆ ಬರುತ್ತದೆ. ಬಂತು. ಪೊರೆ ತೆಗೆದು ಲೆನ್ಸ್ ಕೂರಿಸಬೇಕು, ಯಾವ ಲೆನ್ಸ್? ಹತ್ತಿರ, ನಡುವೆ, ದೂರ ಮೂರನ್ನೂ ತೋರಿಸುವ ಬಹುದೃಷ್ಟಿ ಲೆನ್ಸುಗಳು ಎಂದೋ ಬಂದಿದ್ದವು. ಆದರೆ ಅವು ಒಳಗೆ ಬರುವ ಬೆಳಕನ್ನು ಅಣ್ಣತಮ್ಮಂದಿರು ಹೊಲ ಹಂಚಿಕೊಂಡಂತೆ ಮೂರು ಪಾಲು ಮಾಡುತ್ತವೆ. ಗಟ್ಟಿ ಪರದೆ ಆ ಪಾಲಿನಲ್ಲೇ ಜೀವನ ಮಾಡುತ್ತದೆ. ಗಾಯದ ಪರದೆಗೆ ಸಾಲುವುದಿಲ್ಲ. ಅದಕ್ಕೇ ಹಿಂದೆಲ್ಲ ಇಂಥವರಿಗೆ ಆ ಲೆನ್ಸ್ ಹಾಕುತ್ತಿರಲಿಲ್ಲ. ಹಾಗೆಂದು ಕಸೂತಿ ಹಾಕುವವಳಿಗೆ ಒಂದೇ ದೂರದ ನೋಟ ಏನಕ್ಕೆ? ಸೂಜಿಯ ಮೊನೆ ಕಾಣಬೇಕು, ಹರಡಿದ ಸೆರಗು ಕಾಣಬೇಕು, ಬಾಗಿಲಲ್ಲಿ ಬಂದವರ ಮುಖ ಕಾಣಬೇಕು.

ಆಗ ಬಂದದ್ದು ಕಲಿಯುವ ಲೆನ್ಸ್. ಅದರ ಉಂಗುರಗಳು ಬೆಳಕನ್ನು ಬೇಕಾದ ಕಡೆಗೆ ಬೇಕಾದಷ್ಟೇ ಹರಿಸುತ್ತವೆ. ಅಂಚಿನಲ್ಲಿ ಕೂದಲಿಗಿಂತ ಸಣ್ಣದೊಂದು ಚಿಪ್. ಕಲೆ ಇದ್ದಲ್ಲಿ ಏನು ಕಾಣಬೇಕಿತ್ತೋ ಅದನ್ನು ಊಹಿಸಿ, ಸುತ್ತಲಿನ ಗಟ್ಟಿ ಪರದೆಯ ಮೇಲೆ ತನ್ನದೇ ಬೆಳಕಿನಿಂದ ಬರೆದುಬಿಡುತ್ತದೆ. ಮಬ್ಬು ಮಾಯ.

“ಮೊದಲ ನಲವತ್ತು ದಿನ ಅದು ಕೂಸು ಇದ್ದಂಗ್ರೀ ನಿಂಬೆವ್ವ,” ಎಂದು ಡಾಕ್ಟರ್ ಇನಾಮದಾರ ಬಾಯಿಯವರು ಕೈ ಹಿಡಿದು ಹೇಳಿದ್ದರು. “ನೀವು ಏನು ತೋರಸ್ತೀರಿ ಅದನ್ನೇ ಲೋಕ ಅಂತ ತಿಳಕೋತದ. ಸಂತಿ, ಗಿಡ, ಮಂದಿ ಮಾರಿ, ಎಲ್ಲಾ ತೋರಸ್ರಿ.”

ನಿಂಬೆವ್ವ ಹೂಂ ಎಂದಳು. ಆದರೆ ಹೊಸ ಕೈಯ ಮೊದಲ ಕೆಲಸ, ಹೊಸ ಸೂಜಿಯ ಮೊದಲ ಹೊಲಿಗೆ ಒಳ್ಳೆಯದಕ್ಕೇ ಆಗಬೇಕು ಎಂದು ನಂಬಿದ ಮನೆತನ ಅದು. ಹೊಸ ಕಣ್ಣಿಗೆ ಬೇರೆ ನಿಯಮವೇ? ಗದಗಿನಲ್ಲಿದ್ದ ಮಗಳು ಶಶಿಕಲಾಗೆ ಏಳನೆಯ ತಿಂಗಳ ಕುಬಸ, ಎಂದರೆ ಸೀಮಂತ, ಬಂದಿತ್ತು. ಕುಬಸಕ್ಕೆ ಕರಿ ಚಂದ್ರಕಾಳಿ ಸೀರೆ, ಅದರ ತುಂಬ ತಾಯಿಯ ಕೈಯ ಕಸೂತಿ. ಮಂದಿ ಮಾರಿ ಎಲ್ಲಿಗೆ ಓಡಿ ಹೋಗುತ್ತವೆ? ನಲವತ್ತು ದಿನವೂ ಬೆಳಗಿನಿಂದ ಸಂಜೆಯವರೆಗೆ ಅವಳು ಸೀರೆಯ ಮೇಲಿನಿಂದ ಕಣ್ಣು ಎತ್ತಲಿಲ್ಲ.

ಕಸೂತಿಯಲ್ಲಿ ಗೀಟು ಹಾಕಿಕೊಳ್ಳುವಂತಿಲ್ಲ, ಗಂಟು ಹಾಕುವಂತಿಲ್ಲ. ಬಟ್ಟೆಯ ಎಳೆ ಎಣಿಸಿಯೇ ಹೊಲಿಗೆ. ಗವಂತಿ ಎಂಬ ಹೊಲಿಗೆಯಲ್ಲಿ ದಾರ ಒಂದು ಬಿಟ್ಟು ಒಂದು ಹೋಗುತ್ತದೆ, ಬಿಟ್ಟದ್ದನ್ನು ತುಂಬುತ್ತ ಅದೇ ಹಾದಿಯಲ್ಲಿ ವಾಪಸು ಬರುತ್ತದೆ. ಬಟ್ಟೆಯ ಹಿಂದೂ ಮುಂದೂ ಒಂದೇ. ಹೊಲಿಗೆಯಲ್ಲಿ ಮೂಡುವ ಗೋಪುರದ ಎಡಕ್ಕೆ ಏಳು ಮೆಟ್ಟಿಲಿದ್ದರೆ ಬಲಕ್ಕೂ ಏಳು. ಕಣ್ಣೊಳಗಿನ ಆ ಕೂಸು ನಲವತ್ತು ದಿನ ಇದೊಂದನ್ನೇ ನೋಡಿತು. ಇದೊಂದನ್ನೇ ಕಲಿಯಿತು.

ಬೆಕ್ಕು ಹಾಗೆ ಕಂಡ ಮರುದಿನ ಫರೀದಾ ಬಂದಳು. ಪಕ್ಕದ ಮನೆಯ ಸೊಸೆ, ಎರಡು ವರ್ಷದಿಂದ ನಿಂಬೆವ್ವನ ಹತ್ತಿರ ಕಸೂತಿ ಕಲಿಯುತ್ತಿದ್ದವಳು. ಸೆರಗು ಬಿಚ್ಚಿ ಹರಟುತ್ತ ನೋಡುತ್ತಿದ್ದವಳು ಒಂದು ಗೋಪುರದ ಮೇಲೆ ಬೆರಳಿಟ್ಟು ಎಣಿಸತೊಡಗಿದಳು.

“ಯಾಕ ಬಾಯಿ ಬಂದ್ ಆತು?”

“ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಈ ಗೋಪುರಕ್ಕ ಎಡಗಡೆ ಎರಡು ಮೆಟ್ಟಲಾ ಇಲ್ಲ. ಈಚಿದಕ್ಕೂ ಇಲ್ಲ.”

“ಹುಚ್ಚಿ, ನನಗ ಕಲಸಾಕ ಬಂದಿ? ಏಳೂ ಅದಾವ. ನೋಡಿಲ್ಲೆ.”

“ಕೈ ಆಡಸ್ರಿ ಬೇಕಾದ್ರ.”

ನಿಂಬೆವ್ವ ಬೆರಳು ಆಡಿಸಿದಳು. ಕಣ್ಣಿಗೆ ಕೆಂಪು ದಾರದ ಮೆಟ್ಟಿಲು ಸ್ಪಷ್ಟ ಕಾಣುತ್ತಿತ್ತು. ಅದರ ಮೇಲೆ ಹೋದ ಬೆರಳಿಗೆ ಬರೀ ನುಣುಪು ರೇಷ್ಮೆ. ಬಟ್ಟೆ ತಿರುವಿ ಮತ್ತೆ ಮುಟ್ಟಿದಳು. ಅಲ್ಲೂ ಇಲ್ಲ.

ಅದಾದ ಮೇಲೆ ಒಂದೊಂದೇ ಹೊರಬಿದ್ದವು. ಗೋಡೆಯ ಗಡಿಯಾರದಲ್ಲಿ ಏಳರಿಂದ ಹನ್ನೊಂದರವರೆಗಿನ ಅಂಕಿಗಳೇ ಇಲ್ಲ. ಬಲದ ಒಂದರಿಂದ ಐದರವರೆಗಿನವೇ ಎಡಕ್ಕೂ ತಿರುಗುಮುರುಗಾಗಿ ನಿಂತಿದ್ದವು. ಶುಕ್ರವಾರ ಕನ್ನಡಿಯ ಮುಂದೆ ನಿಂತವಳು ಚೀರಿಬಿಟ್ಟಳು. ಎಡಮೂಗಿನ ಮೂಗುಬಟ್ಟು ಇರಲಿಲ್ಲ. ಬಚ್ಚಲು, ಹಾಸಿಗೆ, ಕಸದ ಮೊರ ಎಲ್ಲ ಜಾಲಾಡುವುದನ್ನು ಅಡಿವೆಪ್ಪ ಅಷ್ಟು ಹೊತ್ತು ನೋಡಿ ಕೇಳಿದ: “ಏನ ಹುಡುಕ್ತಿ?”

“ಮೂಗುಬಟ್ಟು ಬಿದ್ದೈತ್ರೀ!”

“ಮೂಗಿನಾಗ ಇಟಗೊಂಡು ಊರೆಲ್ಲಾ ಹುಡುಕ್ತಾಳ ಇಕಿ!”

ಅವಳು ಕನ್ನಡಿಯ ಮುಂದೆ ಬಂದು ಮುಟ್ಟಿಕೊಂಡಳು. ಇತ್ತು. ಕನ್ನಡಿಯಲ್ಲಿ ಇಲ್ಲದ ಮೂಗುಬಟ್ಟು ಬೆರಳಿಗೆ ಸಿಕ್ಕಿತ್ತು. ಚಿಕ್ಕವಳಿದ್ದಾಗ ಒರಳಿಗೆ ಬಡಿದು ಆದ ಎಡಹುಬ್ಬಿನ ಗಾಯವೂ ಇರಲಿಲ್ಲ. ಚೆಂದದ, ಸರಿಸಮನಾದ, ಯಾರದೋ ಮುಖ ಅವಳನ್ನೇ ನೋಡುತ್ತಿತ್ತು.

ಹುಬ್ಬಳ್ಳಿಯ ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ ಲೆನ್ಸುಗಳ ಕೋಣೆ. ನಿಂಬೆವ್ವನ ಗದ್ದವನ್ನು ಯಂತ್ರಕ್ಕೆ ಇಟ್ಟರು. ಅವಳ ಕಣ್ಣಿಗೆ ಹೋಗುವ ಚಿತ್ರ ದೊಡ್ಡ ಪರದೆಯ ಮೇಲೆ ಮೂಡಿತು. ಕಂಪನಿಯಿಂದ ಬಂದಿದ್ದ ತೇಜಸ್ ಎಂಬ ಮೈಸೂರಿನ ಎಂಜಿನಿಯರ್ ಅವಳ ಮುಂದೆ ಒಂದೇ ಕಿವಿಯ ಲೋಟ ಇಟ್ಟ. ಪರದೆಯ ಮೇಲಿನ ಲೋಟಕ್ಕೆ ಎರಡು ಕಿವಿ.

“ಅಬ್ಬಾ,” ಎಂದ ಅವನು. ದನಿಯಲ್ಲಿ ಹೆದರಿಕೆಗಿಂತ ಸಂತೋಷವೇ ಹೆಚ್ಚಿತ್ತು. “ಮೇಡಂ, ಇದು ತಪ್ಪು ಮಾಡ್ತಿಲ್ಲ. ತುಂಬಾ ಚೆನ್ನಾಗಿ ಕಲ್ತಿದೆ. ಲೋಕದಲ್ಲಿ ಎಲ್ಲದಕ್ಕೂ ಎಡ ಬಲ ಒಂದೇ ಇರುತ್ತೆ ಅಂತ ತೀರ್ಮಾನ ಮಾಡ್ಕೊಂಡಿದೆ. ಕಲೆ ಇರೋ ಎಡಗಡೆ ಏನಿದೆ ಅಂತ ನೋಡೋದನ್ನೇ ಬಿಟ್ಟು, ಬಲಗಡೆಯದನ್ನ ತಿರುಗಿಸಿ ಅಂಟಿಸ್ತಾ ಇದೆ.”

“ಮರಸಾಕ ಬರೂದಿಲ್ಲೇನ್ರಿ ತಮ್ಮಾ?”

“ಒಂದ್ಸಲ ಗಟ್ಟಿಯಾದ ಪಾಠ ಹೋಗಲ್ಲ ಅಮ್ಮ.”

ಡಾಕ್ಟರ್ ಬಾಯಿಯವರು ಸ್ಟೂಲು ಎಳೆದುಕೊಂಡು ಹತ್ತಿರ ಕೂತರು. “ಲೇಸರ್‌ನಿಂದ ಅದರ ಚಿಪ್ ಸುಟ್ಟುಬಿಡಬಹುದು. ಆಮ್ಯಾಲೆ ಅದು ಬರೇ ಗಾಜು. ಆ ಮಬ್ಬು ವಾಪಸ್ ಬರ್ತದ, ಕಾಣೂದೂ ಮೊದಲಿಗಿಂತ ಮಂಕು. ಆದ್ರ ಸುಳ್ಳು ಹೇಳೂದಿಲ್ಲ. ಒಂದು ಮಾತು ಮುಚ್ಚಿಡೂದಿಲ್ಲ ನಿಮ್ಮ ಮುಂದ. ನಿಮ್ಮ ಕಣ್ಣಾಗ ಹಿಂದ ಆಸರಾಕ ಲೋಳಿ ಇಲ್ಲ, ತಗದಾರ. ಲೇಸರ್ ಹೊಡತಕ್ಕ ಲೆನ್ಸಿನ ಚೀಲ ಸಡಲಾದ್ರ ಅದು ಬಾವಿಗೆ ಬಿದ್ದ ಕೊಡದಂಗ ತಳಕ್ಕ ಹೋಗ್ತದ. ಪರದಿ ಮತ್ತ ಹರೀಬಹುದು. ಇರೂದು ಒಂದೇ ಕಣ್ಣು.”

ನಿಂಬೆವ್ವ ಲೋಟದ ಎಡ ಮಗ್ಗಲನ್ನು ಬೆರಳಿನಿಂದ ಸವರಿ ನೋಡಿದಳು. ಆಮೇಲೆ ಕೇಳಿದಳು: “ಇದನ್ನ ಹಾಕಿಸಿಗೊಂಡವರು ಇನ್ನೂ ಅದಾರೇನ್ರಿ?”

“ಮುನ್ನೂರ ಹನ್ನೆರಡು ಜನ ಇದ್ದಾರೆ,” ಎಂದ ತೇಜಸ್. “ಒಬ್ಬರೂ ಕಂಪ್ಲೇಂಟ್ ಕೊಟ್ಟಿಲ್ಲ.”

“ಹೆಂಗ ಕೊಡ್ತಾರೋ ತಮ್ಮಾ? ಅವರಿಗೆಲ್ಲಾ ಚೆಂದ ಕಾಣಾಕತ್ತಿರತೈತಿ.”

ಡಾಕ್ಟರ್ ಬಾಯಿಯವರು ತೇಜಸ್‌ನ ಕಡೆ ನೋಡಿದರು. ಅವನು ಲೋಟವನ್ನು ನೋಡುತ್ತಿದ್ದ.

ವಿಚಾರ ಮಾಡಿ ಹೇಳುತ್ತೇನೆಂದು ಬಂದ ನಿಂಬೆವ್ವ ವಿಚಾರ ಮಾಡುತ್ತಲೇ ಉಳಿದಳು. ಬೋರಲು ಮಲಗಿದ ಆ ಹತ್ತು ದಿನದ ಕತ್ತಲೆ ನೆನಪಾದರೆ ಫೋನಿಗೆ ಚಾಚಿದ ಕೈ ಹಿಂದೆ ಬರುತ್ತಿತ್ತು. ಅಡಿವೆಪ್ಪನೂ ಒತ್ತಾಯ ಮಾಡಲಿಲ್ಲ.

“ನನ್ನ ಬಲಗಡಿ ಹಲ್ಲು ಎರಡು ಬಿದ್ದಾವಲ್ಲ, ನಿನಗ ಹೆಂಗ ಕಾಣತಾವು?”

“ಪೂರಾ ಅದಾವ.”

“ಹಂಗಾದ್ರ ತಗಸಬ್ಯಾಡ! ಮದಿವ್ಯಾಗ ಇದ್ದಂಗ ಕಾಣ್ತೇನಿ. ಡಾಕ್ಟರಿಗೆ ಹೇಳಿ ಕೂದಲಾನೂ ಹಾಕಸು.”

ಕುಬಸಕ್ಕೆ ಒಂಬತ್ತು ದಿನ ಉಳಿದಿತ್ತು. ತಪ್ಪಿದ ಗೋಪುರಗಳನ್ನು ಬಿಚ್ಚಿ, ಬೆರಳಿನಿಂದ ಎಳೆ ಎಣಿಸಿ ಮತ್ತೆ ಹಾಕಲು ಕೂತಳು. ಒಂದು ಸಣ್ಣ ಗೋಪುರಕ್ಕೆ ಅರ್ಧ ತಾಸು. ಮದುವೆಯಾಗಿ ಬಂದಂದಿನಿಂದ ಅದರಲ್ಲಿ ಹೆಚ್ಚುಕಡಿಮೆ ಇಲ್ಲ. ಆ ದಿನವೂ ಬೆಳಗಿನ ಚಹಾ ಆದೊಡನೆ ಅಡಿವೆಪ್ಪ ಗೋಪುರಕ್ಕೊಂದರಂತೆ ಏಳು ಸೂಜಿಗೆ ದಾರ ಪೋಣಿಸಿ ಮೆತ್ತೆಗೆ ಚುಚ್ಚಿಟ್ಟ. ಅವಳ ಕಣ್ಣು ಹೋದಾಗಿನಿಂದ ಅದು ಅವನ ಕೆಲಸ. ಹೊಸ ಕಣ್ಣು ಬಂದರೂ ಬಿಟ್ಟಿರಲಿಲ್ಲ. ಕೊನೆಯ ಸೂಜಿ ಚುಚ್ಚಿ, “ಎಲ್ಲಾರದೂ ಟಿಕೀಟ್ ಆತು, ರೈಟ್ ರೈಟ್!” ಎಂದು ಕೂಗಿ ಎದುರಿನ ಆರಾಮ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತ.

ಅವಳು ಹೊಲಿದಳು. ಪ್ರತಿ ಗೋಪುರ ಮುಗಿದಾಗಲೂ ಒಮ್ಮೆ ತಲೆ ಎತ್ತಿ ಅವನನ್ನು ನೋಡಿದಳು. ಪೇಪರ್ ತೊಡೆಗೆ ಜಾರಿತ್ತು, ತೂಕಡಿಸುತ್ತಿದ್ದಾರೆ ಎಂದುಕೊಂಡಳು. ಆಮೇಲೊಮ್ಮೆ ನೋಡಿದಾಗ ಕಣ್ಣು ತೆರೆದಿದ್ದ. ಮುಖ ಶಾಂತವಾಗಿತ್ತು. ಒಳಗೆ ಹೋಗಿ ಎರಡನೆಯ ಚಹಾ ತಂದು ಅವನ ಎಡಗೈ ಬಳಿ ಇಟ್ಟು ಬಂದು ಕೂತಳು.

“ಏನ್ರೀ, ಇವತ್ತ ಮಾತಾ ಇಲ್ಲ? ಬಸ್ ಪಂಚರ್ ಆತೇನು?”

“ಹ್ಮ್... ಲ್ಲ...” ಎಂದ.

ಎಲೆ ಅಡಿಕೆ ಹಾಕಿದ್ದಾರೆ ಎಂದುಕೊಂಡಳು. ಮುಖ ನೋಡಿದಳು. ನಗುತ್ತಿದ್ದ. ತುಟಿಯ ಎರಡೂ ತುದಿ ಸರಿಯಾಗಿ, ಸಮನಾಗಿ ಮೇಲೆದ್ದಿದ್ದವು. ಅಷ್ಟು ಚೆಂದ ಅವನು ಎಂದೂ ನಕ್ಕಿರಲಿಲ್ಲ. ಏಳನೆಯ ಗೋಪುರ ಅರ್ಧವಾಗಿತ್ತು.

ಟಪ್. ಟಪ್.

ಹನಿ ಬೀಳುವ ಸದ್ದು. “ಚಹಾ ಚೆಲ್ಲಿದ್ರೇನು?” ನೋಡಿದರೆ ಅಂಗಿ ಬೆಳ್ಳಗೆ, ಒಂದು ಕಲೆಯಿಲ್ಲ. ಟಪ್. ಅವಳ ಕೈ ತಾನಾಗಿಯೇ ಮುಂದೆ ಹೋಯಿತು. ಕಣ್ಣಿಗೆ ಒಣಗಿ ಕಂಡ ಅಂಗಿಯ ಬಲಭಾಗ ಎದೆಯಿಂದ ಹೊಟ್ಟೆಯವರೆಗೆ ತೊಯ್ದು ತಪ್ಪಡಿಯಾಗಿತ್ತು.

“ರೀ. ಎರಡೂ ಕೈ ಮ್ಯಾಲ ಎತ್ತರಿ.”

ಎತ್ತಿದ. ಎರಡೂ ಕೈ ಮೇಲಿದ್ದವು. ಎರಡು ಅಂಗೈ, ಹತ್ತು ಬೆರಳು, ಒಂದೇ ಎತ್ತರಕ್ಕೆ. ಒಂದು ಕ್ಷಣ ಅವಳ ಉಸಿರು ವಾಪಸು ಬಂತು. ಆಮೇಲೆ ಅವಳು ಆ ಬಲಗೈಯನ್ನು ಹಿಡಿಯಲು ಹೋದಳು. ಬೆರಳಿಗೆ ಗಾಳಿ ಸಿಕ್ಕಿತು. ಗಾಳಿಯಲ್ಲಿ ಆ ಕೈ ಹಾಗೇ ಕಾಣುತ್ತಿತ್ತು, ಅವಳ ಬೆರಳು ಅದರೊಳಗಿಂದ ಹಾದುಹೋಯಿತು. ತಡಕಾಡಿದಳು. ನಿಜವಾದ ಬಲಗೈ ಅವನ ತೊಡೆಯ ಮೇಲೆ ಹಸಿ ಬಟ್ಟೆಯಂತೆ ಬಿದ್ದಿತ್ತು, ಭಾರವಾಗಿ. ಕೆನ್ನೆ ಮುಟ್ಟಿದಳು. ಎಡಗೆನ್ನೆ ಗಟ್ಟಿ. ಬಲಗೆನ್ನೆ ಜಾರಿತ್ತು, ತುಟಿಯ ತುದಿ ಕೆಳಗೆ ಇಳಿದು ಜೊಲ್ಲು ಸುರಿಯುತ್ತಿತ್ತು. ಕಣ್ಣೆದುರಿನ ಮುಖ ಇನ್ನೂ ಅಷ್ಟೇ ಚೆಂದ ನಗುತ್ತಿತ್ತು.

ನಿಂಬೆವ್ವ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕೂಗಿದಳು: “ಫರೀದಾ! ಓಡಿ ಬಾ! ಲಕ್ವಾ ಹೊಡದೈತಿ!”

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಎಳೆಯ ಡಾಕ್ಟರೊಬ್ಬ ಸ್ಕ್ಯಾನ್ ಹಿಡಿದು ಬಂದ. “ರಕ್ತ ಹೆಪ್ಪುಗಟ್ಟೈತ್ರಿ. ಕರಗಿಸೋ ಇಂಜೆಕ್ಷನ್ ಐತಿ. ಆದ್ರ ನಾಕೂವರಿ ತಾಸಿನ ಒಳಗ ಕೊಡಬೇಕು. ಹೊತ್ತು ಮೀರಿ ಕೊಟ್ರ ಅದಾ ಔಷಧ ಮೆದುಳಿನ್ಯಾಗ ರಕ್ತಸ್ರಾವ ಮಾಡತೈತಿ. ಕೊನೀಗೆ ಆರಾಮ ಇದ್ದದ್ದು ಯಾವಾಗ ನೋಡಿದ್ರಿ?”

ನಿಂಬೆವ್ವ ಮುಂಜಾನೆಯಿಂದ ಗಂಡನ ಎದುರಿಗೇ ಕೂತವಳು. ಆರು ಸಲ ತಲೆ ಎತ್ತಿ ನೋಡಿದವಳು. ಆರೂ ಸಲ ಮುಖ ಸರಿಯಿತ್ತು. ಗಡಿಯಾರವನ್ನು ನಂಬುವುದನ್ನು ಎಂದೋ ಬಿಟ್ಟಿದ್ದಳು.

“ನಾ ನೋಡಿದ್ದು ಸುಳ್ಳರಿ ಡಾಕ್ಟರ... ಕಣ್ಣು ಸುಳ್ಳು ಹೇಳೈತಿ...”

“ಹೊತ್ತು ಗೊತ್ತಿಲ್ಲಂದ್ರ ಇಂಜೆಕ್ಷನ್ ಕೊಡಾಕ ಬರೂದಿಲ್ಲಮ್ಮ.”

ಅವನು ತಿರುಗಿದ. ಆಗ ನಿಂಬೆವ್ವನಿಗೆ ತನ್ನ ಹೆಗಲ ಮೇಲೆ ಏನೋ ಇರುವುದು ಗೊತ್ತಾಯಿತು. ಗಾಬರಿಯಲ್ಲಿ ಸೀರೆಯನ್ನು ಹಾಗೇ ಹೊತ್ತು ತಂದಿದ್ದಳು. ಏಳನೆಯ ಸೂಜಿ ಅದರಿಂದ ಜೋತಾಡುತ್ತಿತ್ತು.

“ನಿಂದರ್ರಿ!” ಕಣ್ಣು ಮುಚ್ಚಿದಳು. ಸೆರಗಿನ ಅಂಚು ಹಿಡಿದು ಬೆರಳು ಓಡಿಸಿದಳು. ಕಸೂತಿಯಲ್ಲಿ ಗಂಟಿಲ್ಲ, ಹೊಸ ದಾರ ಶುರುವಾದಲ್ಲಿ ಅದರ ತುದಿ ಹೊಲಿಗೆಯ ಕೆಳಗೆ ಅಡಗಿ ಒಂದಿಷ್ಟು ದಪ್ಪ ಇರುತ್ತದೆ, ಅಷ್ಟೆ. ಆ ದಪ್ಪ ಸಿಕ್ಕಿತು. ಮುಂಜಾನೆಯ ಮೊದಲ ಸೂಜಿ. “ಇಲ್ಲಿಂದ ಇವತ್ತಿಂದು. ಇದಕ್ಕ ದಾರ ಪೋಣಿಸಿ ಕೊಟ್ಟವರು ಅವರಾ. ಎರಡೂ ಕೈಲೆ ಪೋಣಿಸ್ಯಾರ, ರೈಟ್ ರೈಟ್ ಅಂತ ಒದರ್‍ಯಾರ. ಅದು ನಾ ಕಿವೀಲೆ ಕೇಳಿದ್ದು.” ಬೆರಳು ಮುಂದೆ ನಡೆಯಿತು. “ಒಂದು... ಎರಡು... ಮೂರು...” ಬಟ್ಟೆ ತಿರುವಿ ಹಿಂದಿನಿಂದಲೂ ಎಣಿಸಿದಳು. “ಆರೂವರಿ ಗೋಪುರ. ಒಂದಕ್ಕ ಅರ್ಧ ತಾಸು. ಮೂರು ತಾಸಿನ ಮ್ಯಾಲ ಹದಿನೈದು ನಿಮಿಷ. ಫರೀದಾ, ಆಂಬುಲೆನ್ಸಿಗೆ ಎಷ್ಟೊತ್ತಿಗೆ ಫೋನ್ ಮಾಡಿದಿ?”

ಫರೀದಾ ಮೊಬೈಲ್ ನೋಡಿದಳು. “ಹತ್ತೂ ನಲವತ್ತು ಅಕ್ಕಾರ.”

“ಏಳೂ ಇಪ್ಪತ್ತೈದಕ್ಕ ನನ್ನ ಗಂಡ ಆರಾಮ ಇದ್ದ.”

ಡಾಕ್ಟರ್ ಸೀರೆಯನ್ನೂ ಮುದುಕಿಯನ್ನೂ ಗೋಡೆಯ ಗಡಿಯಾರವನ್ನೂ ನೋಡಿದ. ಹನ್ನೊಂದೂ ಇಪ್ಪತ್ತು. “ನಡುವೆ ಎದ್ದು ಹೋಗಿದ್ರೇನು?”

“ಚಹಾಕ್ಕ. ಹತ್ತು ನಿಮಿಷ.”

ಅವನು ಬೆರಳಲ್ಲಿ ಲೆಕ್ಕ ಹಾಕಿದ. ಇಪ್ಪತ್ತೈದು ನಿಮಿಷ ಉಳಿದಿತ್ತು. ಓಡಿದ.

ಅಡಿವೆಪ್ಪ ಉಳಿದ. ಐದನೆಯ ದಿನ ಎದ್ದು ಕೂತ. ನಿಂಬೆವ್ವ ಎದುರಿಗೆ ಕೂತು ನೋಡಿದರೆ ಅವನಿಗೆ ಏನೂ ಆಗಿರಲೇ ಇಲ್ಲ: ಸಮನಾದ ಬಾಯಿ, ತುಂಬಿದ ಹಲ್ಲು. ನರ್ಸಮ್ಮ ಅವನ ಬಾಯಿಯ ಬಲತುದಿಯನ್ನು ಮತ್ತೆ ಮತ್ತೆ ಒರೆಸುತ್ತಿದ್ದಳು. ಏನನ್ನು ಒರೆಸುತ್ತಿದ್ದಾಳೆ ಎಂಬುದು ನಿಂಬೆವ್ವನಿಗೆ ಕಾಣುತ್ತಿರಲಿಲ್ಲ. ಆ ಚೆಂದದ ಮುಖದ ಹಿಂದೆ ಎಲ್ಲೋ ತನ್ನ ಗಂಡ ಒಬ್ಬನೇ ಸಿಕ್ಕಿಕೊಂಡಿದ್ದಾನೆ, ಕೂಗುತ್ತಿದ್ದಾನೆ ಅನಿಸಿತು. ಆ ಸಂಜೆಯೇ ಡಾಕ್ಟರ್ ಇನಾಮದಾರರಿಗೆ ಫೋನ್ ಮಾಡಿಸಿದಳು.

ಲೇಸರ್ ಕೋಣೆಯಲ್ಲಿ ಗದ್ದ ಇಡುವ ಮೊದಲು ಕೇಳಿದಳು: “ಆ ಮುನ್ನೂರ ಹನ್ನೆರಡು ಮಂದಿಗೆ ಹೇಳೀರೇನ್ರಿ?”

“ಕಂಪನಿ ಬ್ಯಾಡ ಅಂತು. ನಾನು ಮತ್ತ ತೇಜಸ್ ಕೂತು ಮನಿ ಮನಿಗೆ ಫೋನ್ ಹಚ್ಚಲಿಕ್ಹತ್ತೇವಿ. ಅವರಿಗಲ್ಲ, ಅವರ ಜೋಡಿ ಇರೋರಿಗೆ.” ಡಾಕ್ಟರ್ ಬಾಯಿಯವರ ಕೈ ಅವಳ ತಲೆಯ ಮೇಲಿತ್ತು. “ಅಲುಗಾಡಬ್ಯಾಡ್ರಿ, ಹಾಂ? ಉಸಿರು ಹಿಡೀರಿ.”

ಹಸಿರು ಮಿಂಚು. ಕಣ್ಣೊಳಗೆ ಏನೋ ಚಟ್ಟೆಂದಿತು. ಎಲ್ಲ ಒಮ್ಮೆ ತೂಗಿತು, ಕೊಡ ಹಗ್ಗದ ಮೇಲೆ ತೂಗಿದ ಹಾಗೆ. ನಿಂಬೆವ್ವ ಹಲ್ಲು ಕಚ್ಚಿ ಕಾದಳು. ಬೀಳುತ್ತದೆ, ಈಗ ಬೀಳುತ್ತದೆ. ತೂಗು ನಿಧಾನವಾಯಿತು. ನಿಂತಿತು.

ಮೂರು ದಿನದ ಪಟ್ಟಿ ಬಿಚ್ಚಿ ಅವಳನ್ನು ಅಡಿವೆಪ್ಪನ ಮಂಚದ ಹತ್ತಿರ ಕೂರಿಸಿದರು. ಲೋಕ ಹೊಗೆಗಟ್ಟಿದ ಗಾಜಿನಾಚೆ ಇದ್ದಂತಿತ್ತು. ಗಂಡನ ಮುಖದ ಅರ್ಧ ಕಂಡಿತು. ಇನ್ನರ್ಧದಲ್ಲಿ ಹಳೆಯ ಬೂದಿ ಮಬ್ಬು. ಒಂಬತ್ತು ವರ್ಷ ಬೈದುಕೊಂಡಿದ್ದ ಆ ಮಬ್ಬನ್ನು ಈಗ ಬಹಳ ಹೊತ್ತು ನೋಡಿದಳು. ಅಲ್ಲಿ ಏನಿದೆಯೋ ಗೊತ್ತಿಲ್ಲ ಎಂದು ಅದು ಹೇಳುತ್ತಿತ್ತು, ಸುಳ್ಳೇನೂ ಹೇಳುತ್ತಿರಲಿಲ್ಲ.

ಅವಳು ಆ ಮಬ್ಬಿನೊಳಗೆ ಕೈ ಹಾಕಿದಳು. ಕೆನ್ನೆ ಸಿಕ್ಕಿತು. ಬೆರಳು ತುಟಿಯ ಎಡತುದಿ ಹಿಡಿದು ಬಲಕ್ಕೆ ನಡೆಯಿತು, ಎಳೆ ಎಣಿಸಿದಂತೆ.

“ಪಟ್ಟಿ ಕಟ್ಟೂ ಮುಂಜಾನಿ ಮುಟ್ಟಿದಾಗ ಆರು ಎಳಿ ಕೆಳಗಿತ್ತು,” ಎಂದಳು. “ಇವತ್ತ ಐದು.”

ಬೆರಳ ಕೆಳಗೆ ತುಟಿ ಅದುರಿತು. “ರೈ...” ಎಂದ ಅಡಿವೆಪ್ಪ. “ರೈ...”

“ಅವಸರ ಮಾಡಬ್ಯಾಡ್ರಿ. ಇನ್ನೂ ಮಂದಿ ಹತ್ತಾಕತ್ತಾರ.”

ಮುಂಜಾನೆ ಅದು ನಾಲ್ಕಾಗಿರುತ್ತದೋ, ಮತ್ತೆ ಆರಕ್ಕೆ ಜಾರಿರುತ್ತದೋ ಅವಳಿಗೆ ತಿಳಿಯದು. ಮುಂಜಾನೆ ಎದ್ದು ಮುಟ್ಟಿಯೇ ನೋಡಬೇಕು. ಬೆರಳನ್ನು ಅಲ್ಲಿಯೇ ಇಟ್ಟುಕೊಂಡು ಅವಳು ಕೂತಳು.